ನೂರಿಪ್ಪತ್ತೇಳರ ಹಠ

ಹಲ್ಲು ಮೇಸ್ತ್ರಿಗೆ ಅರವತ್ತೆಂದರೆ ಪ್ರಾಣ. ಅದು ಅವರ ವಯಸ್ಸಲ್ಲ, ವಯಸ್ಸು ಐವತ್ತಾರು. ಅರವತ್ತು ಎಂಬ ಸಂಖ್ಯೆಯ ಮೇಲೆಯೇ ಅವರಿಗೆ ಆ ಮಮತೆ. ಎರಡು ಪಾಲು ಮಾಡುತ್ತೇನೆ ಎಂದರೆ ಅದು ಮಾಡಿಸಿಕೊಳ್ಳುತ್ತದೆ. ಮೂರೆಂದರೂ ಸರಿ, ನಾಲ್ಕೆಂದರೂ ಸರಿ; ಐದು, ಆರು, ಹತ್ತು, ಹನ್ನೆರಡು, ಯಾರನ್ನೂ ಅದು ಬರಿಗೈಯಲ್ಲಿ ಕಳಿಸುವುದಿಲ್ಲ. "ಅರವತ್ತು ಒಳ್ಳೆ ಮನೆತನದ ಸಂಖ್ಯೆ" ಎಂದು ಅವರು ಗಿರಾಕಿಗಳಿಗೆ ಹೇಳುತ್ತಿದ್ದರು. "ಎಪ್ಪತ್ತೆರಡು ಅದರ ಚಿಕ್ಕಪ್ಪನ ಮಗ. ನೂರಿಪ್ಪತ್ತು ದೊಡ್ಡಣ್ಣ."

ಅವರ ಕೆಲಸ ಯಂತ್ರಗಳ ಗೇರುಗಳಿಗೆ ಹಲ್ಲು ಕೊಯ್ಯುವುದು. ಉದ್ದನೆಯ ಬೀದಿಯ ಕೊನೆಯಲ್ಲಿ, ಸೈಕಲ್ ರಿಪೇರಿಯವನಿಗೂ ಬೀಗ ಮಾಡುವವನಿಗೂ ನಡುವೆ, ಒಂದು ಬಾಗಿಲಿನ ಅಂಗಡಿ. ಒಳಗೆ ಒಂದು ಮಿಲ್ಲಿಂಗ್ ಯಂತ್ರ, ಎಣ್ಣೆ ಕುಡಿದು ಕಪ್ಪಾದ ಒಂದು ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಹಳೆಯ ಗೇರುಗಳು. ಗುಂಡಗಿನ ಲೋಹದ ಬಿಲ್ಲೆಯೊಂದನ್ನು ಯಂತ್ರಕ್ಕೆ ಕಟ್ಟಿ, ಅಂಚಿನಲ್ಲಿ ಒಂದು ಸಂದು ಕೊಯ್ದು, ಬಿಲ್ಲೆಯನ್ನು ಅಳತೆ ಮಾಡಿದಷ್ಟೇ ತಿರುಗಿಸಿ, ಮತ್ತೊಂದು ಸಂದು ಕೊಯ್ಯಬೇಕು. ಹಾಗೆ ಸುತ್ತೆಲ್ಲ ಬಂದಾಗ ಸಂದುಗಳ ನಡುವೆ ಉಳಿದದ್ದೇ ಹಲ್ಲು. ಅಳತೆ ಮಾಡಿ ತಿರುಗಿಸುವುದಕ್ಕೆ ಒಂದು ಉಪಕರಣವಿದೆ. ಅದರ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ಹಿಡಿ ಎಲ್ಲಿ ನಿಲ್ಲಬೇಕೆಂದು ಹೇಳುವುದಕ್ಕೆ ಅದರ ಹಿಂದೆ ಸಾಲುಸಾಲಾಗಿ ತೂತು ಕೊರೆದ ಒಂದು ತಟ್ಟೆ. ಇಷ್ಟೇ ವಿದ್ಯೆ. ಐವತ್ತರವರೆಗೆ ಯಾವ ಸಂಖ್ಯೆ ಕೇಳಿದರೂ ಆ ತಟ್ಟೆಯಲ್ಲಿ ಒಂದಲ್ಲ ಒಂದು ಸಾಲು ಒಪ್ಪುತ್ತಿತ್ತು. ಐವತ್ತು ದಾಟಿದ ಮೇಲೆ ಕೆಲವು ಒಪ್ಪುತ್ತಿದ್ದವು, ಕೆಲವು ಮುಖ ತಿರುಗಿಸುತ್ತಿದ್ದವು.

ಮುಖ ತಿರುಗಿಸುವವರಲ್ಲಿ ಐವತ್ತಮೂರು, ಐವತ್ತೊಂಬತ್ತು, ಅರವತ್ತೊಂದು, ಎಪ್ಪತ್ತಮೂರರಂಥವು ಮೇಸ್ತ್ರಿಯ ಕಣ್ಣಿಗೆ ಪರಮ ದುಷ್ಟರು. ಎರಡರಿಂದ ಕೇಳಿದರೂ ಇಲ್ಲ, ಮೂರರಿಂದ ಕೇಳಿದರೂ ಇಲ್ಲ. ಒಂದರ ಮಾತು, ಬಿಟ್ಟರೆ ತನ್ನದೇ ಮಾತು. ಅವರು ಅವುಗಳಿಗೆ ಇಟ್ಟ ಹೆಸರು ಹಠಮಾರಿಗಳು.

ಹಾಗೆಂದು ಯಾವ ಗಿರಾಕಿಗೂ ಅವರು "ಆಗಲ್ಲ" ಎಂದವರಲ್ಲ. ಅಂಗಡಿಯ ಬೋರ್ಡಿನ ಮೇಲೆ "ಎಷ್ಟು ಹಲ್ಲಿನ ಗೇರು ಬೇಕಾದರೂ" ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಅರವತ್ತೊಂದು ಕೇಳಿ ಬಂದ ಅಚ್ಚುಮನೆಯವರಿಗೆ ಅವರು ಒಂದು ಲೋಟ ಚಹಾ ತರಿಸಿ, "ಅರವತ್ತೊಂದು ಹಾಕಿದ್ರೆ ಶಬ್ದ ಜಾಸ್ತಿ ಸ್ವಾಮಿ, ಅರವತ್ತು ಹಾಕಿ, ಮಗು ಮಲಗಿದ ಹಾಗಿರುತ್ತೆ" ಎಂದು ಒಪ್ಪಿಸಿದ್ದರು. ಎಪ್ಪತ್ತಮೂರು ಕೇಳಿದ ನೂಲಿನ ಯಂತ್ರದವರು ಎಪ್ಪತ್ತೆರಡು ಹಲ್ಲನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಕೈ ಮುಗಿದು ಹೋಗಿದ್ದರು. ಒಂದು ಹಲ್ಲಿನ ವ್ಯತ್ಯಾಸಕ್ಕೆ ಯಂತ್ರಗಳು ತುಸು ಬೇಗವೋ ತುಸು ನಿಧಾನವೋ ಓಡಿದವು, ಯಾರ ಮನೆಯೂ ಮುಳುಗಲಿಲ್ಲ. ಹೀಗೆ ಹಠಮಾರಿಗಳು ಬಂದಾಗಲೆಲ್ಲ ಪಕ್ಕದ ಬೀದಿಗೆ ನುಣುಚಿಕೊಳ್ಳುತ್ತ ಮೇಸ್ತ್ರಿ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದರು.

ಇದರ ಒಳಗುಟ್ಟು ಗೊತ್ತಿದ್ದವರು ಒಬ್ಬರೇ, ಅವರ ಹೆಂಡತಿ. ಆ ಅಂಗಡಿ ಆಕೆಯ ತಂದೆಯದು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ಅಭ್ಯಾಸ, ಅದಕ್ಕೇ ಮಾತು ಒಂದಿಷ್ಟು ಚುಚ್ಚುತ್ತಿತ್ತು.

"ನಮ್ಮಪ್ಪ ಅಂಥ ಸಂಖ್ಯೆ ಬಂದ್ರೆ 'ನನ್ನ ಕೈಲಾಗಲ್ಲ' ಅಂತಿದ್ರು. ಅವರಿಗೆ ಕೈ ಇತ್ತು. ನಿಮಗೆ ಬಾಯಿದೆ."

"ಎರಡೂ ಇದೆ ಕಣೇ."

"ಇದೆ ಇದೆ. ಬಾಯಿಗೆ ಓವರ್‌ಟೈಮು."

ಆ ಬಾಯಿಗೆ ಸವಾಲು ಬಂದದ್ದು ಒಂದು ಮಂಗಳವಾರ, ಲೇತಮ್ಮನ ರೂಪದಲ್ಲಿ. ಲೇತಮ್ಮ ಎರಡು ಬೀದಿ ಆಚೆಯವಳು. ತಂದೆ ಬಿಟ್ಟುಹೋದ ಹಳೆಯ ಲೇತು ಯಂತ್ರದಲ್ಲಿ ಅವಳು ಸ್ಕ್ರೂ, ಬೋಲ್ಟು, ಸರಳುಗಳನ್ನು ತಿರುವಿ ಕೊಡುತ್ತಿದ್ದಳು. ನಲವತ್ತರ ಆಸುಪಾಸು, ತೋಳು ಮಡಚಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲು.

"ಮೇಸ್ತ್ರೇ, ನೂರಿಪ್ಪತ್ತೇಳು ಹಲ್ಲಿನ ಗೇರು ಬೇಕು."

"ನೂರಿಪ್ಪತ್ತು ಹಾಕೋಣ ತಂಗಿ. ತುಂಬಿದ ಸಂಖ್ಯೆ."

"ನೂರಿಪ್ಪತ್ತೇಳು."

"ನೂರಿಪ್ಪತ್ತೈದು? ಎಲ್ಲರೂ ಇಷ್ಟಪಡ್ತಾರೆ."

"ತರಕಾರಿ ಚೌಕಾಸಿ ನಡೀತಿದೆಯಾ ಇಲ್ಲಿ?" ಎಂದು ಅವಳು ಸ್ಟೂಲು ಎಳೆದು ಕೂತಳು. ಅವಳ ಕತೆ ಹೀಗಿತ್ತು. ಅಪ್ಪನ ಲೇತಿಗೆ ಇಂಚು ಬಿಟ್ಟು ಬೇರೆ ಭಾಷೆ ಬಾರದು. ಈಗ ಬರುವ ಕೆಲಸವೆಲ್ಲ ಮಿಲಿಮೀಟರಿನದು. ಆಸ್ಪತ್ರೆಗೆ ಮಂಚ ಮಾಡುವ ಕಾರ್ಖಾನೆಯವರು, ಮಂಚದ ತಲೆಭಾಗವನ್ನು ಏರಿಸಿ ಇಳಿಸುವ ಮೊಳದುದ್ದದ ಸ್ಕ್ರೂಗಳನ್ನು ಅವಳಿಂದ ಮಾಡಿಸಲು ಒಪ್ಪಿದ್ದರು. ಮೂರು ವರ್ಷಕ್ಕೆ ಸಾಲುವಷ್ಟು ಕೆಲಸ. ಆ ಕೆಲಸ ಸಿಗದಿದ್ದರೆ ಜಾಗ ಖಾಲಿ ಮಾಡಿಸಿ ಲೇತನ್ನು ಗುಜರಿಗೆ ಹಾಕುತ್ತೇನೆ ಎಂದು ಅವಳ ತಮ್ಮ ಆಗಲೇ ಗುಜರಿಯವನನ್ನು ಕರೆಸಿ ತೋರಿಸಿದ್ದ.

"ಐದು ಇಂಚು ಅಂದ್ರೆ ಸರಿಯಾಗಿ ನೂರಿಪ್ಪತ್ತೇಳು ಮಿಲಿಮೀಟರು," ಎಂದಳು ಲೇತಮ್ಮ. "ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಷ್ಟು ಹಲ್ಲಿನ ಒಂದು ಗೇರು ನಡುವೆ ಕೂರಿಸಿದ್ರೆ ನನ್ನ ಲೇತು ಮಿಲಿಮೀಟರು ಮಾತಾಡುತ್ತೆ. ಅದು ದುಭಾಷಿ ಇದ್ದ ಹಾಗೆ. ಬೇರೆ ಯಾವ ಸಂಖ್ಯೆ ಕೂರಿಸಿದ್ರೂ ಅನುವಾದ ತಪ್ಪುತ್ತೆ."

ಇಲ್ಲಿ ಮೇಸ್ತ್ರಿ "ನನ್ನ ಕೈಲಾಗಲ್ಲ ತಂಗಿ" ಎಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಆ ಮೂರು ಮಾತು ಅವರ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. "ಶನಿವಾರ ಬಾ" ಎಂದುಬಿಟ್ಟರು.

ಮೂರು ದಿನ ತಟ್ಟೆಗಳನ್ನು ತಿರುವಿಹಾಕಿದರು. ನೂರಿಪ್ಪತ್ತೇಳಕ್ಕೆ ಯಾವ ಸಾಲೂ ಒಪ್ಪಲಿಲ್ಲ. ಪಕ್ಕದ ನೂರಿಪ್ಪತ್ತೆಂಟು ಮಾತ್ರ ಬಾಗಿಲು ತೆಗೆದುಕೊಂಡು, ಬನ್ನಿ ಒಳಗೆ ಎಂದು ಕರೆಯುತ್ತಿತ್ತು. ಹದಿನಾರು ತೂತಿನ ಸಾಲಿನಲ್ಲಿ ಐದೈದು ತೂತು ಮುಂದೆ ಹೋದರೆ ಮುಗಿಯಿತು. ಶುಕ್ರವಾರ ಮಧ್ಯಾಹ್ನ ಮೇಸ್ತ್ರಿ ಆ ಬಾಗಿಲು ಹೊಕ್ಕರು. ನೂರಿಪ್ಪತ್ತೇಳಕ್ಕಿಂತ ಒಂದೇ ಹೆಚ್ಚು, ಯಾರು ಕೂತು ಎಣಿಸುತ್ತಾರೆ? ಶನಿವಾರ ಗೇರನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ತೊಟ್ಟಿಲ ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

ಮುಂದಿನ ಶನಿವಾರವೇ ಲೇತಮ್ಮ ವಾಪಸ್ಸು ಬಂದಳು. ಒಂದು ಕೈಯಲ್ಲಿ ಮೊಳದುದ್ದದ ಸ್ಕ್ರೂ, ಇನ್ನೊಂದರಲ್ಲಿ ಒಂದು ದಪ್ಪ ನಟ್ಟು. ನಟ್ಟನ್ನು ಸ್ಕ್ರೂಗೆ ಏರಿಸಿದಳು. ಒಂದು ಸುತ್ತು, ಎರಡು, ಮೂರು ಸಲೀಸಾಗಿ ಹೋಯಿತು. ನಾಲ್ಕನೆಯದಕ್ಕೆ ಗೊಣಗಿತು. ಆರನೆಯದಕ್ಕೆ ಕಚ್ಚಿಕೊಂಡು ನಿಂತಿತು.

"ಕಾರ್ಖಾನೆಯ ಸ್ಟೋರ್‌ಕೀಪರ್ ಹತ್ತು ಜನರ ಎದುರಿಗೆ ಇದನ್ನ ನನ್ನ ಕೈಗೆ ವಾಪಸ್ಸು ಕೊಟ್ರು. 'ಅಪ್ಪನ ಕೈ ನಿಮಗೆ ಬಂದಿಲ್ಲಮ್ಮ' ಅಂದ್ರು. ಗುರುವಾರಕ್ಕೆ ಇನ್ನೊಂದು ಸ್ಕ್ರೂ ಕೇಳಿದಾರೆ. ಅದೂ ಹೀಗೇ ಆದ್ರೆ ಕೆಲಸ ಬೇರೆಯವರಿಗೆ."

"ನಟ್ಟಿನ ದೋಷ ಇರಬಹುದು," ಎಂದರು ಮೇಸ್ತ್ರಿ ಮೆಲ್ಲಗೆ.

ಅವಳು ಗೇರನ್ನು ಮೇಜಿನ ಮೇಲಿಟ್ಟಳು.

"ಎಣಿಸಿದೆಯಾ?" ಎಂದರು ಮೇಸ್ತ್ರಿ.

"ಎಣಿಸೋದ್ಯಾಕೆ?" ಅವಳು ಉಕ್ಕಿನ ಸ್ಕೇಲನ್ನು ಗೇರಿನ ನಟ್ಟನಡುವೆ ಅಡ್ಡಲಾಗಿ ಹಿಡಿದಳು. "ಈ ಕೊನೆಯಲ್ಲಿ ಹಲ್ಲು. ಆ ಕೊನೆಯಲ್ಲೂ ಹಲ್ಲು. ಹಲ್ಲಿನ ಎದುರಿಗೆ ಹಲ್ಲು ಕೂತ್ರೆ ಅದು ಸರಿಸಂಖ್ಯೆ. ನೂರಿಪ್ಪತ್ತೇಳು ಆಗಿದ್ರೆ ಹಲ್ಲಿನ ಎದುರಿಗೆ ಸಂದು ಬರಬೇಕಿತ್ತು."

ಸೈಕಲ್ ರಿಪೇರಿಯವನು ಅತ್ತ ಗಾಳಿ ಹಾಕುವುದನ್ನು ನಿಲ್ಲಿಸಿ ಕಿವಿ ಇತ್ತ ಕೊಟ್ಟ.

"ಎಣಿಕೆ ತಪ್ಪಿರಬೇಕು," ಎಂದರು ಮೇಸ್ತ್ರಿ.

"ನಿಮ್ಮ ಎಣಿಕೆ!" ಎಂದಳು ಲೇತಮ್ಮ. ಅಷ್ಟೇ. ಸ್ಕ್ರೂ ಎತ್ತಿಕೊಂಡು, ಗೇರನ್ನು ಅಲ್ಲೇ ಬಿಟ್ಟು, "ಸೋಮವಾರ ಬರ್ತೀನಿ" ಎಂದು ಹೋದಳು. ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಸುಖವಾಗುತ್ತಿತ್ತು.

ಭಾನುವಾರ ಬೆಳಗಿನ ತಿಂಡಿಗೆ ಗೇರೂ ಮೇಜಿನ ಮೇಲೆ ಬಂದು ಕೂತಿತು. ಮೇಸ್ತ್ರಿ ತಟ್ಟೆಯ ಬದಲು ಅದನ್ನೇ ನೋಡುತ್ತಿದ್ದರು. ಎದುರಿಗೆ ಮಗಳು. ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು, ರಜೆಯ ದಿನವೂ ಕಲಿಸುವುದನ್ನು ಬಿಡಲಾರಳು.

"ಸಿಕ್ಕಿಹಾಕ್ಕೊಂಡ್ರಾ?" ಎಂದಳು ಹೆಂಡತಿ, ಪಿನ್ನುಗಳ ನಡುವಿನಿಂದ.

"ನೂರಿಪ್ಪತ್ತೇಳು ಅಂತ ಒಂದು ಹಠಮಾರಿ," ಎಂದು ಮೇಸ್ತ್ರಿ ನಡೆದದ್ದನ್ನೆಲ್ಲ ಹೇಳಿದರು.

"ಅಪ್ಪಾ, ಅದು ಅವಿಭಾಜ್ಯ ಸಂಖ್ಯೆ!" ಮಗಳ ಮುಖ ಹಳೆಯ ಗೆಳತಿಯ ಹೆಸರು ಕೇಳಿದಂತೆ ಅರಳಿತು. "ಎರಡು, ಮೂರು, ಐದು, ಏಳು, ಹನ್ನೊಂದು, ಇಷ್ಟರಿಂದ ಭಾಗಿಸಿ ನೋಡಿದ್ರೆ ಸಾಕು. ಹನ್ನೆರಡು ಹನ್ನೆರಡಲಿ ನೂರನಲವತ್ತನಾಲ್ಕು, ಆಗಲೇ ದಾಟಿಹೋಯ್ತು. ಎರಡರಿಂದ ಭಾಗಿಸಿದ್ರೆ ಒಂದು ಉಳಿಯುತ್ತೆ, ಮೂರರಿಂದ ಒಂದು, ಐದರಿಂದ ಎರಡು, ಏಳರಿಂದ ಮತ್ತೆ ಒಂದು, ಹನ್ನೊಂದರಿಂದ ಆರು. ಎಲ್ಲೂ ಸೊನ್ನೆ ಇಲ್ಲ. ಅದರ ಹಿಂದಿನ ಅವಿಭಾಜ್ಯ ನೂರಹದಿಮೂರು. ನಡುವೆ ಹದಿಮೂರು ಸಂಖ್ಯೆ ಸಾಲಾಗಿ ಭಾಗವಾಗೋವೇ. ಅಷ್ಟು ದೂರದವರೆಗೆ ನೆರೆಹೊರೆ ಇಲ್ಲ ಅದಕ್ಕೆ, ಪಾಪ."

"ಪಾಪ ಅಂತೆ! ನನ್ನ ಪಾಡು ನೋಡೇ."

"ಇನ್ನೂ ಇದೆ ಕೇಳಿ. ಒಂದನ್ನ ಏಳು ಸಲ ದುಪ್ಪಟ್ಟು ಮಾಡಿ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ನೂರಿಪ್ಪತ್ತೆಂಟು. ಅದರಲ್ಲಿ ಒಂದು ಕಳೆದ್ರೆ ನಿಮ್ಮ ಹಠಮಾರಿ. ಇದರ ವಂಶವೇ ಹಾಗೆ. ಎರಡು ಸಲ ದುಪ್ಪಟ್ಟು ಮಾಡಿ ಒಂದು ಕಳೆದ್ರೆ ಮೂರು. ಮೂರು ಸಲ ಮಾಡಿ ಒಂದು ಕಳೆದ್ರೆ ಏಳು. ಏಳು ಸಲಕ್ಕೆ ನೂರಿಪ್ಪತ್ತೇಳು. ನೂರಿಪ್ಪತ್ತೇಳು ಸಲ ದುಪ್ಪಟ್ಟು ಮಾಡಿ ಒಂದು ಕಳೆದ್ರೆ..." ಅವಳು ಅಮ್ಮನ ಅಳತೆ ಪುಸ್ತಕ ಎಳೆದುಕೊಂಡು, ಯಾರದೋ ಸೊಂಟದ ಅಳತೆಯ ಕೆಳಗೆ ಬರೆಯತೊಡಗಿದಳು. ಪುಟದ ಈ ಅಂಚಿನಿಂದ ಆ ಅಂಚಿಗೆ ಅಂಕಿಗಳು ಹರಿದವು: 170141183460469231731687303715884105727.

"ಮೂವತ್ತೊಂಬತ್ತು ಅಂಕಿ. ಇದೂ ಅವಿಭಾಜ್ಯವೇ. ಕಂಪ್ಯೂಟರು ಹುಟ್ಟೋಕೆ ಎಷ್ಟೋ ಮುಂಚೆ, ಬರೀ ತಲೆ ಮತ್ತು ಕಾಗದದಲ್ಲಿ ಸಾಧಿಸಿದಾರೆ. ಈ ವಂಶದಲ್ಲಿ ಇದರ ಮುಂದಿನದು ಅವಿಭಾಜ್ಯವೋ ಅಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ಮೇಸ್ತ್ರಿ ಆ ಸಾಲನ್ನು ಬಹಳ ಹೊತ್ತು ನೋಡಿದರು. "ಇಷ್ಟು ಹಲ್ಲಿನ ಗೇರು ಎಷ್ಟು ದೊಡ್ಡದಾಗುತ್ತೆ?"

ಮಗಳು ಬೆರಳು ಮಡಿಚಿ ಲೆಕ್ಕ ಹಾಕಿದಳು. "ನಿಮ್ಮ ಹಲ್ಲಿನ ಗಾತ್ರದಲ್ಲೇ ಕೊಯ್ದ್ರೆ, ದುರ್ಬೀನಿಗೆ ಕಾಣೋ ಆಕಾಶದೊಳಗೆಲ್ಲೂ ಹಿಡಿಸಲ್ಲ."

"ಯಾರಾದ್ರೂ ಕೇಳ್ಕೊಂಡು ಬಂದ್ರೆ ಅಪ್ಪ ಊರಲ್ಲಿಲ್ಲ ಅಂತ ಹೇಳು."

"ನೀವೇ ಹೇಳ್ತೀರಿ," ಎಂದಳು ಹೆಂಡತಿ, "'ಶನಿವಾರ ಬಾ' ಅಂತ."

ಮೂವರೂ ನಕ್ಕರು. ನಗು ಮುಗಿದ ಮೇಲೆ ಮೇಸ್ತ್ರಿ ಮತ್ತೆ ಗೇರಿನತ್ತ ತಿರುಗಿದರು. "ಒಂದು ಕಮ್ಮಿ ಅಂತೀಯ. ಒಂದು ಹಲ್ಲು ಕಿತ್ತರೆ ಬೊಚ್ಚುಬಾಯಿ ಆಗುತ್ತೇ ಹೊರತು ನೂರಿಪ್ಪತ್ತೇಳು ಆಗಲ್ಲವಲ್ಲ."

ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಅಂದರೆ ವಿಷಯ ಗಂಭೀರ. "ಚಕ್ರದಿಂದ ಯಾಕೆ ಕೀಳ್ತೀರಿ? ಪಟ್ಟಿಯಿಂದ ಕತ್ತರಿಸಿ. ಲಂಗದ ಸೊಂಟ ದೊಡ್ಡದಾಯ್ತು ಅಂತ ಬಂದ್ರೆ ನಾನೇನು ಮಾಡ್ತೀನಿ? ಪಟ್ಟಿ ಬಿಚ್ಚಿ, ಉದ್ದಕ್ಕೆ ಹಾಸಿ, ಒಂದು ನೆರಿಗೆಯಷ್ಟು ಕತ್ತರಿಸಿ ಬಿಸಾಕಿ, ಮತ್ತೆ ಸೇರಿಸಿ ಹೊಲೀತೀನಿ. ಉಳಿದ ನೆರಿಗೆ ಇದ್ದ ಹಾಗೇ ಇರುತ್ತೆ. ಸೊಂಟ ಸಣ್ಣದಾಗುತ್ತೆ, ಅಷ್ಟೆ."

ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. "ನಿಮ್ಮಪ್ಪ ಈ ಅಂಗಡಿ ನಿನಗೇ ಕೊಡಬೇಕಿತ್ತು."

"ನನಗೇ ಕೊಟ್ಟಿದ್ದು. ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡೆ."

ಸೋಮವಾರ ಲೇತಮ್ಮ ಬರುವಷ್ಟರಲ್ಲಿ ಮೇಸ್ತ್ರಿ ಆ ತಪ್ಪು ಗೇರಿನ ಹಲ್ಲುಗಳಿಗೆ ಶಾಯಿ ಬಳಿದು, ಗಟ್ಟಿ ಕಾಗದದ ಉದ್ದನೆಯ ಪಟ್ಟಿಯ ಮೇಲೆ ನೇರವಾಗಿ ಒಂದು ಸುತ್ತು ಉರುಳಿಸಿದ್ದರು. ಪಟ್ಟಿಯ ಮೇಲೆ ಒಂದೇ ಅಂತರದಲ್ಲಿ ಗೆರೆಗಳು ಮೂಡಿದ್ದವು, ನೂರಿಪ್ಪತ್ತೆಂಟು ಮನೆ. ಅದರಿಂದ ಒಂದು ಮನೆಯನ್ನು ಹೆಂಡತಿಯ ಕತ್ತರಿಯಿಂದಲೇ ಕತ್ತರಿಸಿ ತೆಗೆದರು.

"ಇದು ಸರಿಯಾಗಿ ಸುತ್ತಿಕೊಳ್ಳೋ ಹಾಗೆ ಒಂದು ಮರದ ಚಕ್ರ ತಿರುವಿಕೊಡಬೇಕು ತಂಗಿ. ಎರಡು ತುದಿ ಒಂದಕ್ಕೊಂದು ಮುಟ್ಟಬೇಕು. ಮೇಲೆ ಹತ್ತಬಾರದು, ಸಂದು ಬಿಡಬಾರದು."

ಲೇತಮ್ಮ ಪಟ್ಟಿಯನ್ನು ನೋಡಿದಳು, ಗೇರನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು. "ಹಾಗಾದ್ರೆ ಹೋದ ಸಲ ಇದ್ಯಾವುದೂ ಇಲ್ದೇನೇ ನೂರಿಪ್ಪತ್ತೇಳು ಕೊಯ್ದಿದ್ರಾ?"

ಮೇಸ್ತ್ರಿ ಕೈ ಒರೆಸುವ ಬಟ್ಟೆಯನ್ನು ಹುಡುಕತೊಡಗಿದರು. ಅದು ಅವರ ಹೆಗಲ ಮೇಲೆಯೇ ಇತ್ತು.

ಅವಳ ಲೇತು ಇದ್ದ ಕೋಣೆ ಕಿರಿದು. ಕಿಟಕಿಯ ಬೆಳಕು ಸರಿಯಾಗಿ ಯಂತ್ರದ ಮೇಲೆ ಬೀಳುತ್ತಿತ್ತು. ಮಂಗಳವಾರ ಇಡೀ ದಿನ ಅವಳು ಆ ಮರದ ಚಕ್ರವನ್ನು ತಿರುವಿದಳು. ಒಂದಿಷ್ಟು ಸವರುವುದು, ಪಟ್ಟಿ ಸುತ್ತಿ ನೋಡುವುದು, ತುದಿಗಳು ಇನ್ನೂ ದೂರ, ಮತ್ತೆ ಸವರುವುದು. ಸಂಜೆಗೆ ತುದಿಗಳ ನಡುವೆ ಉಗುರಿನಷ್ಟು ಸಂದು, ಆಮೇಲೆ ಕೂದಲಿನಷ್ಟು, ಆಮೇಲೆ ಇಲ್ಲ. ಮೇಸ್ತ್ರಿ ನೋಡುತ್ತಿದ್ದರು. ಅಪ್ಪನ ಕೈ ಇವಳಿಗೆ ಬಂದಿಲ್ಲ ಎಂದವರನ್ನು ಈ ಕೋಣೆಗೆ ಕರೆತಂದು ನಿಲ್ಲಿಸಬೇಕು ಎನಿಸಿತು. ಅಂಥ ಮಾತು ಹುಟ್ಟಿದ್ದಾದರೂ ಯಾರಿಂದ ಎಂಬುದು ನೆನಪಾಗಿ, ಮುಂದೆ ಏನೂ ಎನಿಸಲಿಲ್ಲ.

ಬುಧವಾರ ಬೆಳಿಗ್ಗೆ ತೂತಿನ ತಟ್ಟೆಯ ಬದಲು ಮರದ ಚಕ್ರ ಮೇಸ್ತ್ರಿಯ ಉಪಕರಣದ ಹಿಡಿಗೆ ಏರಿತು. ಗೆರೆಗಳಿಗೆ ಒಂದರಿಂದ ನೂರಿಪ್ಪತ್ತೇಳರವರೆಗೆ ಅಂಕಿ ಬರೆದಿದ್ದರು. ಪಕ್ಕದಲ್ಲಿ ಅಲುಗದ ಹಾಗೆ ನಿಲ್ಲಿಸಿದ ಒಂದು ಸೂಜಿ. ಹಿಡಿಯ ನಲವತ್ತು ಸುತ್ತು ನೂರಿಪ್ಪತ್ತೇಳು ಹಲ್ಲಿಗೆ ಹಂಚಿಕೆಯಾಗಬೇಕಾದ್ದರಿಂದ, ಒಂದೊಂದು ಹಲ್ಲಿಗೂ ಚಕ್ರವನ್ನು ನಲವತ್ತು ಮನೆ ಮುಂದೆ ತಿರುಗಿಸಬೇಕು.

"ಕಾಗದದ ಪಟ್ಟಿ, ಕತ್ತರಿ, ಅಂಟು," ಎಂದಳು ಲೇತಮ್ಮ. "ಇದರಿಂದ ಉಕ್ಕು ಕೊಯ್ಯೋದು. ನನ್ನ ತಮ್ಮ ನೋಡಿದ್ರೆ ನಿಮ್ಮನ್ನೂ ಗುಜರಿಗೆ ಹಾಕ್ತಾನೆ."

"ಇಲ್ಲಿ ಹಿಡಿ ನಲವತ್ತು ಸುತ್ತು ತಿರುಗಿದ್ರೆ ಅಲ್ಲಿ ಗೇರು ಒಂದು ಸುತ್ತು. ನಮ್ಮ ಕಾಗದದ ತಪ್ಪು ಅಲ್ಲಿಗೆ ಹೋಗೋವಾಗ ನಲವತ್ತರಲ್ಲೊಂದು ಪಾಲು ಆಗಿರುತ್ತೆ. ಎಲ್ಲ ತಪ್ಪುಗಳಿಗೂ ಇಂಥ ಯಂತ್ರ ಇದ್ದಿದ್ರೆ!" ಎಂದರು ಮೇಸ್ತ್ರಿ. ಕೊನೆಯ ಮಾತು ತುಸು ಮೆಲ್ಲಗೆ ಬಂತು.

ನೂರಿಪ್ಪತ್ತೇಳನೆಯ ಗೆರೆಯಲ್ಲಿ ಮೊದಲ ಸಂದು ಕೊಯ್ದರು. ಆಮೇಲೆ ಅವರು ತಿರುಗಿಸುವುದು, ಅವಳು ಸೂಜಿಯ ಮುಂದೆ ಬಂದ ಅಂಕಿಯನ್ನು ಕೂಗಿ ಅದರ ಮೇಲೆ ಪೆನ್ಸಿಲಿನ ಗುರುತು ಹಾಕುವುದು. ನಲವತ್ತು. ಎಂಬತ್ತು. ನೂರಿಪ್ಪತ್ತು. ಅಲ್ಲಿಂದ ಸುತ್ತು ದಾಟಿ ಮೂವತ್ತಮೂರು. ಎಪ್ಪತ್ತಮೂರು. ನೂರಹದಿಮೂರು. ಇಪ್ಪತ್ತಾರು.

"ಇದೇನು ಮೇಸ್ತ್ರೇ, ಎಲ್ಲೆಲ್ಲೋ ಹಾರ್ತಿದೆ."

"ಹಾರಲಿ. ನಮ್ಮ ಮಗಳು ಹೇಳಿದಾಳೆ. ನಲವತ್ತು ನಲವತ್ತು ಹೆಜ್ಜೆ ಹಾಕ್ತಾ ಊರೆಲ್ಲ ಸುತ್ತಿದ್ರೂ ಒಂದು ಮನೆಯನ್ನೂ ಬಿಡಲ್ಲ, ಒಂದು ಮನೆಗೂ ಎರಡು ಸಲ ಹೋಗಲ್ಲ. ಇದೇ ನೂರಿಪ್ಪತ್ತೆಂಟು ಮನೆ ಇದ್ದಿದ್ರೆ, ಹದಿನಾರೇ ಮನೆ ತಿರುಗಿ ಮತ್ತೆ ಮೊದಲಿನ ಬಾಗಿಲಿಗೇ ಬಂದು ನಿಲ್ತಿತ್ತು. ಹಠಮಾರಿಗಿರೋ ಒಳ್ಳೆ ಗುಣ ಅದೊಂದು."

ಅಷ್ಟರಲ್ಲಿ ಹೆಂಡತಿ ಚಹಾ ತಂದಳು. ಲೇತಮ್ಮ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ಅಂಕಿ ಕೂಗಿದಳು. ಕೆಲಸ ಸಾಗಿತು. ಯಂತ್ರದ ಸದ್ದು, ಎಣ್ಣೆಯ ವಾಸನೆ, ಸುರುಳಿ ಸುರುಳಿಯಾಗಿ ಬೀಳುವ ಉಕ್ಕಿನ ಚೂರು. ನಡುಮಧ್ಯಾಹ್ನದ ಹೊತ್ತಿಗೆ ಅರ್ಧ ಗೇರಿಗೆ ಹಲ್ಲು ಬಂದಿತ್ತು. ಅರವತ್ತೆರಡನೆಯ ಸಲ ತಿರುಗಿಸಿದಾಗ ಲೇತಮ್ಮ "ಅರವತ್ತೇಳು" ಎಂದು ಕೂಗಿದವಳು ಪೆನ್ಸಿಲನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಮೇಸ್ತ್ರೇ. ಇಲ್ಲಿ ಆಗಲೇ ಗುರುತಿದೆ."

ಮೇಸ್ತ್ರಿ ಯಂತ್ರ ನಿಲ್ಲಿಸಿದರು. ಸದ್ದು ನಿಂತ ಮೇಲೆ ಅಂಗಡಿ ಎರಡು ಪಟ್ಟು ದೊಡ್ಡದಾದಂತೆ ಕಂಡಿತು. ಒಂದೇ ಮನೆಗೆ ಎರಡನೆಯ ಸಲ ಬಂದರೆ ಎಲ್ಲೋ ಒಂದು ಹೆಜ್ಜೆ ತಪ್ಪಿದೆ ಎಂದರ್ಥ. ಅಲ್ಲಿಂದ ಈಚೆಗೆ ಕೊಯ್ದದ್ದೆಲ್ಲ ಹಾಳು. ಇನ್ನೊಂದು ಬಿಲ್ಲೆ ತರಿಸಿ ಮೊದಲಿಂದ ಕೊಯ್ಯುವಷ್ಟು ಹೊತ್ತು ಉಳಿದಿರಲಿಲ್ಲ. ಸ್ಕ್ರೂ ತಿರುವುವುದು ಇನ್ನೂ ಬಾಕಿ, ಬೆಳಗಾದರೆ ಗುರುವಾರ.

ಲೇತಮ್ಮ ಸ್ಟೂಲಿನ ಮೇಲೆ ಕುಸಿದಳು. "ಬಿಡಿ ಮೇಸ್ತ್ರೇ. ಅರವತ್ತಾರೋ ಅರವತ್ತೇಳೋ, ಏನೋ ಒಂದು ಹೇಳಿ ಸಾಗಹಾಕೋಣ ಅಂತ ಈಗ ನನಗೂ ಅನ್ನಿಸ್ತಿದೆ."

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಗೆ ಹಾಗೆ ಅನ್ನಿಸಲಿಲ್ಲ. ಅವರು ಚಕ್ರದ ಹತ್ತಿರ ಬಗ್ಗಿ, ಕನ್ನಡಕ ಮೇಲೇರಿಸಿ, ಅರವತ್ತೇಳರ ಅಕ್ಕಪಕ್ಕ ನೋಡಿದರು. ಅರವತ್ತಾರರ ಮೇಲೆ ಗುರುತಿರಲಿಲ್ಲ.

"ಈ ಸಂಖ್ಯೆ ಒಂದೇ ಮನೆಗೆ ಎರಡು ಸಲ ಹೋಗೋ ಪೈಕಿ ಅಲ್ಲ," ಎಂದರು. "ಅದು ಸುಳ್ಳು ಹೇಳಲ್ಲ. ಸುಳ್ಳಿದ್ರೆ ನಮ್ಮಿಬ್ಬರಲ್ಲೇ." ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತ ಕೂತರು. ಅರವತ್ತಾರಕ್ಕೆ ಯಾವಾಗ ಬರಬೇಕಿತ್ತು? ನಲವತ್ತು, ಎಂಬತ್ತು, ನೂರಿಪ್ಪತ್ತು, ಮೂವತ್ತಮೂರು, ಎಪ್ಪತ್ತಮೂರು, ನೂರಹದಿಮೂರು, ಇಪ್ಪತ್ತಾರು, ಅರವತ್ತಾರು. "ಎಂಟನೇ ಸಲ. ನಲವತ್ತು ಎಂಟಲಿ ಮುನ್ನೂರಿಪ್ಪತ್ತು. ಎರಡು ಸುತ್ತು ಕಳೆದ್ರೆ ಅರವತ್ತಾರು. ಎಂಟನೇ ಸಲ ತಿರುಗಿಸಿದಾಗ ಏನಾಯ್ತು?"

ಲೇತಮ್ಮ ಯೋಚಿಸಿದಳು. ಮುಖ ನಿಧಾನವಾಗಿ ಕೆಂಪಾಯಿತು. "ಚಹಾ ಬಂತು."

"ಬಾಯಲ್ಲಿ ಅರವತ್ತಾರು ಅಂದೆ, ಕೈಯಲ್ಲಿ ಅರವತ್ತೇಳಕ್ಕೆ ಗುರುತು ಹಾಕಿದೆ. ಪೆನ್ಸಿಲು ತಪ್ಪಿದೆ, ಚಕ್ರ ತಪ್ಪಿಲ್ಲ." ಅವರು ಪುನಃ ಲೆಕ್ಕ ಹಾಕಿದರು. ಅರವತ್ತೆರಡು ಸಲ ನಲವತ್ತು, ಎರಡು ಸಾವಿರದ ನಾನೂರ ಎಂಬತ್ತು. ಅದರಲ್ಲಿ ಹತ್ತೊಂಬತ್ತು ಸುತ್ತು ಕಳೆದರೆ ಉಳಿದದ್ದು ಅರವತ್ತೇಳೇ. ಸೂಜಿ ಇರಬೇಕಾದ ಜಾಗದಲ್ಲೇ ಇತ್ತು.

ಯಂತ್ರ ಮತ್ತೆ ಓಡಿತು. ಆಮೇಲೆ ಯಾವ ಅಂಕಿಯ ಮೇಲೂ ಎರಡನೆಯ ಗುರುತು ಬೀಳಲಿಲ್ಲ. ಎಂಬತ್ತೇಳರಲ್ಲಿ ಕೊನೆಯ ಸಂದು. ಲೇತಮ್ಮ ಸ್ಕೇಲು ಅಡ್ಡ ಹಿಡಿದಳು. ಈ ಕೊನೆಯಲ್ಲಿ ಹಲ್ಲು, ಆ ಕೊನೆಯಲ್ಲಿ ಸಂದು. ಅವಳು ಸ್ಕೇಲನ್ನು ಇನ್ನೂ ಐದಾರು ಕಡೆ ಹಿಡಿದು ನೋಡಿ, ಗೇರನ್ನು ಸೆರಗಿಲ್ಲದ ಅಂಗಿಯ ಮಡಿಲಲ್ಲಿ ಕಟ್ಟಿಕೊಂಡು ಓಡಿದಳು.

ಗುರುವಾರ ಕಾರ್ಖಾನೆಯ ಸ್ಟೋರಿನಲ್ಲಿ ಜನ ಸಾಲಾಗಿ ನಿಂತಿದ್ದರು. ಸ್ಪ್ರಿಂಗು ತಂದವರು, ಬಣ್ಣ ತಂದವರು, ಚಕ್ರ ತಂದವರು. ಕರೆಯದಿದ್ದರೂ ಮೇಸ್ತ್ರಿ ಜತೆಗೆ ಬಂದು, ಲೇತಮ್ಮನಿಗಿಂತ ಒಂದು ಹೆಜ್ಜೆ ಹಿಂದೆ ನಿಂತರು. ಸ್ಟೋರ್‌ಕೀಪರ್ ದಪ್ಪ ಕನ್ನಡಕದ, ಯಾರನ್ನೂ ನಂಬದ ಮನುಷ್ಯ. ತಮ್ಮ ಸ್ವಂತ ನಟ್ಟನ್ನು ಡ್ರಾಯರಿನಿಂದ ತೆಗೆದು ಸ್ಕ್ರೂಗೆ ಏರಿಸಿದರು.

ಮೂರು ಸುತ್ತು. ನಾಲ್ಕು. ಆರು. ಲೇತಮ್ಮ ಉಗುರು ಕಚ್ಚುತ್ತಿದ್ದಳು. ಹತ್ತು. ಇಪ್ಪತ್ತು. ಸ್ಟೋರ್‌ಕೀಪರ್ ಬೆರಳು ತೆಗೆದು ನಟ್ಟನ್ನು ಒಮ್ಮೆ ಚಿಮ್ಮಿದರು. ಅದು ತನ್ನಷ್ಟಕ್ಕೆ ತಿರುಗುತ್ತ ಹೋಗಿ, ಆ ತುದಿಯಲ್ಲಿ ಹೊರಬಿದ್ದು, ಅವರ ಅಂಗೈಯಲ್ಲಿ ಕೂತಿತು.

"ಹ್ಞೂಂ," ಎಂದರು ಅವರು. "ಈ ಸಲ ಕೈ ಕೂತಿದೆ. ಹೋದ ಸಲ ಏನಾಗಿತ್ತಮ್ಮಾ, ಗಮನ ಎಲ್ಲಿತ್ತು?"

ಲೇತಮ್ಮ ತಲೆ ತಗ್ಗಿಸಿದಳು. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಮೇಸ್ತ್ರಿಗೆ ಆ ತಗ್ಗಿದ ತಲೆಯ ಹಿಂಭಾಗ, ಕಿವಿಯ ಹಿಂದಿನ ಪೆನ್ಸಿಲು, ಇಷ್ಟೇ ಕಾಣುತ್ತಿತ್ತು. ಅವರ ಬಾಯಿಗೆ ಎಂದಿನಂತೆ ನೂರು ಮಾತು ಬಂದವು. ಕಬ್ಬಿಣದ ಗುಣ, ಹವೆಯ ಸೆಕೆ, ಹಳೆಯ ನಟ್ಟು. ಎಲ್ಲವನ್ನೂ ನುಂಗಿದರು.

"ಅವಳ ಕೈ ಯಾವತ್ತೂ ತಪ್ಪಿಲ್ಲ ಸ್ವಾಮಿ. ಗೇರು ಕೊಯ್ದವನು ನಾನು. ನೂರಿಪ್ಪತ್ತೇಳು ಹಲ್ಲು ಕೇಳಿದ್ಲು. ನನಗೆ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ನೂರಿಪ್ಪತ್ತೆಂಟು ಕೊಯ್ದು, ನೂರಿಪ್ಪತ್ತೇಳು ಅಂತ ಹೇಳಿ ಕೊಟ್ಟೆ."

ಸ್ಪ್ರಿಂಗಿನವನ ಕೈಯಿಂದ ಒಂದು ಸ್ಪ್ರಿಂಗು ಬಿದ್ದು, ಪುಟಿಯುತ್ತ ಹೋಗಿ ಬಾಗಿಲ ಹೊರಗೆ ಮಾಯವಾಯಿತು.

"ಒಂದು ಹಲ್ಲು ತಾನೇ?" ಎಂದರು ಸ್ಟೋರ್‌ಕೀಪರ್ ಅಚ್ಚರಿಯಿಂದ.

"ಒಂದು ಹಲ್ಲು ತಾನೇ ಅನ್ಬೇಡಿ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು.

ಲೇತಮ್ಮ ಹಿಂದಕ್ಕೆ ತಿರುಗಿ ಮೇಸ್ತ್ರಿಯನ್ನು ನೋಡಿದಳು. "ನೀವು ಬೇಕಂತಲೇ ಮಾಡಿದ್ದು ಅಂತ ಸ್ಕೇಲು ಹಿಡಿದ ದಿನವೇ ಗೊತ್ತಿತ್ತು ನನಗೆ," ಎಂದಳು. "ನೀವು ಹೇಳ್ತೀರೋ ಇಲ್ಲವೋ ಅನ್ನೋದೊಂದು ಗೊತ್ತಿರಲಿಲ್ಲ."

"ಹೇಳದೇ ಇದ್ದಿದ್ರೆ?"

"ನಿಮ್ಮ ಹೆಂಡತಿ ಹೇಳ್ತೀನಿ ಅಂದಿದ್ರು. ಹೊರಗೆ ನಿಂತಿದಾರೆ, ನೋಡಿ."

ನಿಜ. ಕಿಟಕಿಯ ಆಚೆ, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದವಳ ಹಾಗೆ ಕತ್ತಿಗೆ ಅಳತೆ ಟೇಪು ಹಾಕಿಕೊಂಡು ಹೆಂಡತಿ ನಿಂತಿದ್ದಳು. ಬಾಯಲ್ಲಿ ಪಿನ್ನು ಇರಲಿಲ್ಲ. ಮೇಸ್ತ್ರಿ ನಗಬೇಕೋ ನಾಚಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು.

"ಸೋಮವಾರದಿಂದ ಕಳಿಸಿ," ಎಂದು ಸ್ಟೋರ್‌ಕೀಪರ್ ಲೇತಮ್ಮನ ಕಾಗದಕ್ಕೆ ಮುದ್ರೆ ಒತ್ತಿದರು. ಅವಳು ಸ್ಕ್ರೂಗಾಗಿ ಕೈ ಚಾಚಿದಳು. ಅವರು ಕೊಡಲಿಲ್ಲ. ನಟ್ಟನ್ನು ಈ ತುದಿಯಿಂದ ಏರಿಸಿ ಚಿಮ್ಮಿದರು, ಅದು ಆ ತುದಿಗೆ ಓಡಿತು. ಆ ತುದಿಯಿಂದ ಏರಿಸಿ ಚಿಮ್ಮಿದರು, ಈ ತುದಿಗೆ ಬಂತು. ಬಣ್ಣದವನು ಕೆಮ್ಮಿದ. ಚಕ್ರದವನು ಗಡಿಯಾರ ನೋಡಿಕೊಂಡ. ಸ್ಟೋರ್‌ಕೀಪರ್ ಕನ್ನಡಕವನ್ನು ಹಣೆಗೇರಿಸಿ, "ಇನ್ನೊಂದೇ ಸಲ" ಎಂದರು, ಯಾರಿಗೆಂದೂ ಅಲ್ಲದೆ.